ಆನೆಗಳ ಡಬ್ಬಿಯಲ್ಲಿ ಸಿಕ್ಕ ಇಂಜಿನ್

ನಮ್ಮನೆಯವರಿಗೆ ನಾನು ಹುಟ್ಟಿದ ದಿನ ನೆನಪಿರುವುದಿಲ್ಲ. ಇಂಗ್ಲೆಂಡಿನಲ್ಲಿ ಯಾವ ಇಂಜಿನ್ನಿಗೆ ಯಾವ ವರ್ಷ ಹಸಿರು ಹೋಗಿ ಕಪ್ಪು ಬಣ್ಣ ಬಂತು ಎಂದು ಕೇಳಿ ನೋಡಿ, ಬಾಯಲ್ಲಿರುವ ತುತ್ತು ನುಂಗುವುದಕ್ಕೂ ಕಾಯದೆ ಹೇಳುತ್ತಾರೆ. ಮದುವೆಯಾದ ಹೊಸದರಲ್ಲಿ ನನಗೆ ನಗು ಬರುತ್ತಿತ್ತು. ಆಮೇಲಾಮೇಲೆ ತಲೆ ಚಿಟ್ಟು ಹಿಡಿಯುತ್ತಿತ್ತು. ಕೊನೆಗೆ ಕಿವಿಯ ಮೇಲೆ ಬಿದ್ದರೂ ಒಳಗೆ ಇಳಿಯದಂತಾಯಿತು.

ಇವರು ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಟ್ರೈನಿಂಗಿಗೆಂದು ಉತ್ತರ ಇಂಗ್ಲೆಂಡಿನ ಒಂದು ರೈಲ್ವೆ ಕಾರ್ಖಾನೆಗೆ ಹೋದವರು. ಮದುವೆಯಾಗಿ ವರ್ಷದೊಳಗೆ ನಾನೂ ಹೋದೆ. ಹಬೆಯ ಇಂಜಿನ್ನುಗಳ ಕಾಲ ಮುಗಿಯುತ್ತಾ ಬಂದಿತ್ತು. ಭಾನುವಾರ ಬಂತೆಂದರೆ ಇವರು ಊಟದ ಚೀಲದಲ್ಲಿ ಕ್ಯಾಮೆರಾ ಇಟ್ಟುಕೊಂಡು ಹೊರಟೇಬಿಡುತ್ತಿದ್ದರು. ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ಬಂದೆವು. ಇವರಿಗೆ ಲಾಂಗ್ ಬೀಚ್ ಬಂದರಿನ ಕ್ರೇನುಗಳ ಕೆಲಸ, ನನಗೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕೆಲಸ. ಇಬ್ಬರೂ ಅಲ್ಲೇ ರಿಟೈರ್ ಆದೆವು. ಇರುವ ಒಬ್ಬಳೇ ಮಗಳು ಸ್ಯಾನ್ ಡಿಯಾಗೋದಲ್ಲಿ ಇದ್ದಾಳೆ. ಇಂಗ್ಲೆಂಡಿನ ಸ್ಲೈಡುಗಳು ಮಾತ್ರ ನಲವತ್ತು ಡಬ್ಬಿ, ಗರಾಜಿನ ಕಪಾಟಿನಲ್ಲಿ ನಮ್ಮ ಜೊತೆಗೇ ಮುದಿಯಾದವು.

ಕೋವಿಡ್ ಬಂತು. ಮನೆಯಿಂದ ಆಚೆ ಹೋಗುವ ಹಾಗಿಲ್ಲ, ಮಗಳು ಬಂದರೂ ಗೇಟಿನ ಹತ್ತಿರ ತರಕಾರಿ ಇಟ್ಟು ಕೈ ಬೀಸಿ ಹೋಗುವಳು. ಅವಳೇ ಒಂದು ಸ್ಕ್ಯಾನರ್ ತರಿಸಿಕೊಟ್ಟಳು. ಇಂಟರ್ನೆಟ್ಟಿನಲ್ಲಿ ಹುಡುಕಿ, ಹಳೆಯ ಬ್ರಿಟಿಷ್ ರೈಲುಗಳ ಫೋಟೋ ಹಂಚಿಕೊಳ್ಳುವವರ ಗುಂಪೊಂದಕ್ಕೆ ಇವರನ್ನು ಸೇರಿಸಿದಳು. ಇವರ ಕೈ ಅಷ್ಟು ಹೊತ್ತಿಗಾಗಲೇ ನಡುಗುತ್ತಿತ್ತು. ಕಾಫಿ ಲೋಟ ಹಿಡಿದರೆ ತಟ್ಟೆಗೆ ಅರ್ಧ, ಹೊಟ್ಟೆಗೆ ಅರ್ಧ. ಸ್ಲೈಡು ಎತ್ತಿ ಸ್ಕ್ಯಾನರಿಗೆ ಇಡುವುದು, ಇವರು ಹೇಳಿದ್ದನ್ನು ಟೈಪ್ ಮಾಡುವುದು, ಎಲ್ಲ ನನ್ನ ತಲೆಗೇ ಬಂತು. ಬೆಳಗಿನ ಕಾಫಿಯ ಹೊತ್ತಿಗೆ ಅಲ್ಲಿ ಇಂಗ್ಲೆಂಡಿನಲ್ಲಿ ಮಧ್ಯಾಹ್ನವಾಗಿ, ಅಲ್ಲಿಯ ಮುದುಕರೆಲ್ಲ ಊಟ ಮುಗಿಸಿ ಜಗಳಕ್ಕೆ ತಯಾರಾಗಿರುತ್ತಿದ್ದರು.

ಜಗಳವೆಂದರೆ ಎಂಥ ಜಗಳ ಅಂತೀರಿ. ಒಂದು ಫೋಟೋದಲ್ಲಿ ಸ್ಟೇಷನ್ನಿನ ಹಲಗೆ ಕೆಂಪಗಿದೆಯೋ ಕಂದು ಬಣ್ಣಕ್ಕಿದೆಯೋ ಎಂದು ಮೂರು ದಿನ ಬಡಿದಾಡಿದರು. ಹಲಗೆಗೆ ಬಣ್ಣ ಬಳಿದ ವರ್ಷ ಗೊತ್ತಾದರೆ ಫೋಟೋ ತೆಗೆದ ವರ್ಷ ಗೊತ್ತಾಗುತ್ತದಂತೆ. ಇಂಜಿನ್ನಿನ ಮುಂದೆ ದೀಪ ಎಲ್ಲಿ ತೂಗುಹಾಕಿದ್ದಾರೆ, ಕಲ್ಲಿದ್ದಲಿನ ರಾಶಿ ಎಷ್ಟೆತ್ತರ ಇದೆ, ನೆರಳು ಯಾವ ಕಡೆಗೆ ಬಿದ್ದಿದೆ ಎಂದು ಹಿಡಿದುಕೊಂಡು ವರ್ಷದಿಂದ ತಿಂಗಳಿಗೆ, ತಿಂಗಳಿನಿಂದ ದಿನಕ್ಕೆ ಬರುತ್ತಿದ್ದರು. ಅವರಲ್ಲೊಬ್ಬರು ಸಿಗ್ನಲ್ ಕೆಲಸದಿಂದ ರಿಟೈರ್ ಆದವರು. ಅವರಿಗೆ ನಾನು ಸಿಗ್ನಲ್ ಅಜ್ಜ ಎಂದು ಹೆಸರಿಟ್ಟಿದ್ದೆ, ನನಗಿಂತ ಹತ್ತು ವರ್ಷ ಚಿಕ್ಕವರಿದ್ದರೂ. ಅವರು ಬಂದು ತಾರೀಖು ಹೇಳಿದರೆ ಮುಗಿಯಿತು, ಉಳಿದವರು ಬಾಯಿ ಮುಚ್ಚುತ್ತಿದ್ದರು.

ಇವರು ಸ್ಲೈಡಿನ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಇಂಜಿನ್ ನಂಬರ್ ಬರೆದಿದ್ದರು, ಕ್ಯಾಮೆರಾ ಎಷ್ಟಕ್ಕೆ ಇಟ್ಟಿದ್ದೆ ಎಂದು ಬರೆದಿದ್ದರು. ತಾರೀಖು ಒಂದರ ಮೇಲೂ ಇಲ್ಲ. ಅದನ್ನು ಬರೆಯದೆ ಇರುವವರು ಅವರೊಬ್ಬರೇ ಅಲ್ಲ, ಆ ಗುಂಪಿನ ಅರ್ಧಕ್ಕರ್ಧ ಜನದ್ದು ಇದೇ ಕಥೆ. ನಂಬರ್ ಸಿಕ್ಕಿತಲ್ಲ, ಇನ್ನೇನು ಬೇಕು ಎಂದುಕೊಂಡವರೆಲ್ಲ ಐವತ್ತು ವರ್ಷದ ಮೇಲೆ ಭೂತಗನ್ನಡಿ ಹಿಡಿದುಕೊಂಡು ತಾರೀಖು ಹುಡುಕುತ್ತಿದ್ದರು.

ನಿಜ ಹೇಳಬೇಕೆಂದರೆ ನನಗೂ ಅದರ ರುಚಿ ಹತ್ತಿತು. ಮೈಕ್ರೋಸ್ಕೋಪಿನಲ್ಲಿ ಸಣ್ಣದನ್ನು ಹುಡುಕಿ ಅಭ್ಯಾಸವಾದ ಕಣ್ಣು ನನ್ನದು. ಒಮ್ಮೆ ಇಂಜಿನ್ನಿನ ಹಿತ್ತಾಳೆಯ ಮೇಲೆ ಎದುರು ಗೋಡೆಯ ಗಡಿಯಾರದ ಬಿಂಬ ಕಂಡು, ಹತ್ತು ಗಂಟೆ ಇಪ್ಪತ್ತು ನಿಮಿಷ ಎಂದು ಬರೆದೆ. ಸಿಗ್ನಲ್ ಅಜ್ಜ, ನಿಮ್ಮ ಹೆಂಡತಿಯ ಕಣ್ಣು ನಮ್ಮೆಲ್ಲರದ್ದಕ್ಕಿಂತ ಚುರುಕು ಎಂದು ಹೊಗಳಿದರು. ನಾನು ಆ ದಿನವಿಡೀ ಉಬ್ಬಿಕೊಂಡೇ ಇದ್ದೆ. ನಮ್ಮನೆಯವರು "ಕೊನೆಗೂ ದಾರಿಗೆ ಬಂದೆ ನೋಡು" ಎಂದರು. ಎಷ್ಟೋ ವರ್ಷಗಳ ನಂತರ ನಾವಿಬ್ಬರೂ ಒಂದೇ ಮೇಜಿನ ಮುಂದೆ ಭುಜಕ್ಕೆ ಭುಜ ತಾಗಿಸಿ ಕುಳಿತು ನಗುತ್ತಿದ್ದೆವು. ಅದನ್ನೂ ಹೇಳಬೇಕು.

ಗುಂಪಿಗೆ ಒಂದು ನಿಯಮವಿತ್ತು. ಫೋಟೋ ಹಾಕಿದರೆ ಸ್ಥಳ, ಇಂಜಿನ್ ನಂಬರ್, ತೆಗೆದವರ ಹೆಸರು ಹಾಕಬೇಕು. ರೈಲು ಬಿಟ್ಟು ಬೇರೆ ಮಾತು ಆಡಬಾರದು. ಯಾರೋ ಪಾಪ, ಒಂದು ಸೇತುವೆಯ ಫೋಟೋದ ಕೆಳಗೆ ತನ್ನ ಡೈವೋರ್ಸಿನ ಕಥೆ ಶುರು ಮಾಡಿದ್ದಕ್ಕೆ ಗುಂಪು ನಡೆಸುವವನು ಅದನ್ನು ಅಳಿಸಿಹಾಕಿದ್ದ. ಒಳ್ಳೆಯದೇ ಮಾಡಿದ ಎಂದು ಆಗ ನಾನೂ ಅಂದಿದ್ದೆ.

ಎರಡನೆಯ ವರ್ಷದ ಒಂದು ದಿನ, ಮೊಮ್ಮಗಳಿಗೆ ತೋರಿಸೋಣವೆಂದು ಮಗಳ ಬಾಲ್ಯದ ಸ್ಲೈಡುಗಳನ್ನು ತೆಗೆದೆ. ಡಬ್ಬಿಯ ಮೇಲೆ 'ಸ್ಯಾನ್ ಡಿಯಾಗೋ ಜೂ' ಎಂದು ಇವರ ಅಕ್ಷರ. ಆನೆ, ಜಿರಾಫೆ, ಐಸ್‌ಕ್ರೀಮ್ ಚೆಲ್ಲಿಕೊಂಡ ಮಗಳು. ಆನೆಗಳ ನಡುವೆ ಒಂದು ಇಂಜಿನ್. ಪುಟ್ಟ ಹಳ್ಳಿಯ ಸ್ಟೇಷನ್, ಮಳೆ ನಿಂತ ಪ್ಲಾಟ್‌ಫಾರಂ, ಟೋಪಿ ಕೋಟಿನ ಜನ ಕಿಕ್ಕಿರಿದಿದ್ದಾರೆ. ಇಂಜಿನ್ನಿನ ಮುಖಕ್ಕೆ ದುಂಡಗೆ ಕಟ್ಟಿದ ಎಲೆಯ ದೊಡ್ಡ ಹಾರ. ಆಯುಧಪೂಜೆಯ ದಿನ ನಮ್ಮ ಕಡೆ ಬಸ್ಸಿಗೆ ಹಾಕುವ ಹಾಗೆ ಎಂದು ಕಣ್ತುಂಬ ನೋಡಿದೆ. ಇಷ್ಟು ಚೆನ್ನಾಗಿರುವುದು ತಪ್ಪಿ ಈ ಡಬ್ಬಿಗೆ ಸೇರಿಬಿಟ್ಟಿದೆ, ಪಾಪ, ಇವರು ಎಷ್ಟು ಹುಡುಕಿದ್ದಾರೋ ಎಂದುಕೊಂಡೆ. ಇವರು ಆಗ ಹಿತ್ತಲಲ್ಲಿ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದರು. ಬೆರಗುಗೊಳಿಸೋಣವೆಂದು ಹೇಳದೆ ಕೇಳದೆ ಸ್ಕ್ಯಾನ್ ಮಾಡಿ ಗುಂಪಿಗೆ ಹಾಕಿದೆ. ನಂಬರ್ ಹಾಕಿದೆ, ಇವರ ಹೆಸರು ಹಾಕಿದೆ. ಸ್ಥಳ, ತಾರೀಖು ಗೊತ್ತಿಲ್ಲ, ಯಾರಾದರೂ ಹೇಳಬಲ್ಲಿರಾ ಎಂದು ನನ್ನ ಕೈಯಾರೆ ಬರೆದೆ.

ಕಾಲು ಗಂಟೆಯೂ ಆಗಿರಲಿಲ್ಲ, ಸಿಗ್ನಲ್ ಅಜ್ಜ ಬಂದರು. ಈ ಸಲ ಅವರು ಹಲಗೆ, ನೆರಳು ಏನನ್ನೂ ನೋಡುವ ಅಗತ್ಯವೇ ಇರಲಿಲ್ಲ. ಆ ದಿನ ಅವರು ತಮ್ಮ ತಂದೆಯ ಜೊತೆ ಅದೇ ಪ್ಲಾಟ್‌ಫಾರಂ ಮೇಲೆ ನಿಂತಿದ್ದರಂತೆ. ಅದು ಆ ಕವಲು ದಾರಿಯ ಕೊನೆಯ ಗಾಡಿ. ಮಧ್ಯಾಹ್ನದವರೆಗೆ ಮಳೆ, ಆಮೇಲೆ ಬಿಸಿಲು. ಮಾರನೆಯ ದಿನದಿಂದ ಆ ದಾರಿಯಲ್ಲಿ ರೈಲೇ ಇಲ್ಲ. ಅದು ಪೂಜೆಯ ಹಾರವಲ್ಲ, ಶವಕ್ಕೆ ಇಡುವ ಹಾರ, ದಾರಿ ಮುಚ್ಚುವಾಗ ಊರಿನವರು ಕೊನೆಯ ಗಾಡಿಗೆ ಹಾಗೆ ಹಾಕುತ್ತಿದ್ದರು ಎಂದು ವಿವರಿಸಿ, ಕೆಳಗೆ ತಾರೀಖು ಬರೆದಿದ್ದರು. ಶನಿವಾರ ಎಂದೂ ಸೇರಿಸಿದ್ದರು.

ಆ ತಾರೀಖನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಮೊದಲನೆಯ ಮಗು ಉಸಿರಿಲ್ಲದೆ ಹುಟ್ಟಿದ ದಿನ.

ಆ ಶನಿವಾರ ಇವರು ನಸುಕಿನ ಪಾಳಿಗೆ ಕಾರ್ಖಾನೆಗೆ ಹೋಗಿದ್ದರು. ನನಗೆ ನೋವು ಶುರುವಾಯಿತು, ತಿಂಗಳು ತುಂಬುವುದಕ್ಕೆ ಮೂರು ವಾರ ಮೊದಲೇ. ನಾವು ಬಾಡಿಗೆಗಿದ್ದ ಮನೆಯ ಒಡತಿ ಆಂಬುಲೆನ್ಸ್ ಕರೆಸಿ ನನ್ನನ್ನು ಹತ್ತಿಸಿದಳು, ಕಾರ್ಖಾನೆಗೆ ಫೋನ್ ಮಾಡಿ ಹೇಳುತ್ತೇನೆ ಎಂದಳು. ಮಧ್ಯಾಹ್ನ ಎರಡು ಗಂಟೆಗೆ ಎಲ್ಲ ಮುಗಿದಿತ್ತು. ಮಗುವನ್ನು ನನಗೆ ತೋರಿಸಲಿಲ್ಲ. ಆಗ ತೋರಿಸುತ್ತಿರಲಿಲ್ಲ, ಮರೆಯುವುದು ಸುಲಭವಾಗುತ್ತದೆ ಎನ್ನುತ್ತಿದ್ದರು. ಮಣ್ಣು ಮಾಡಲು ಒಪ್ಪಿಗೆ ಬೇಕೆಂದು ನರ್ಸ್ ಒಂದು ಕಾಗದ ತಂದಳು. ಗಂಡ ಎಲ್ಲಿ ಎಂದು ಮೂರು ಸಲ ಕೇಳಿದಳು. ಬರುತ್ತಾರೆ, ಬರುತ್ತಾರೆ ಎಂದೆ. ಕೊನೆಗೆ ನಾನೇ ಸಹಿ ಹಾಕಿದೆ. ಇಪ್ಪತ್ತೆರಡು ವರ್ಷ ನನಗೆ. ಇಂಗ್ಲಿಷಿನಲ್ಲಿ ಅಳುವುದು ಹೇಗೆಂದೂ ಗೊತ್ತಿರಲಿಲ್ಲ, ಸುಮ್ಮನೆ ಗೋಡೆ ನೋಡುತ್ತಾ ಮಲಗಿದ್ದೆ.

ಇವರು ಬಂದಿದ್ದು ಸಂಜೆ ಏಳಕ್ಕೆ. ಅಂದು ಬಾಯ್ಲರ್ ಪರೀಕ್ಷೆ ಇತ್ತೆಂದೂ, ಆಸ್ಪತ್ರೆಯ ಸುದ್ದಿ ಬರೆದಿದ್ದ ಚೀಟಿಯನ್ನು ಫೋರ್‌ಮನ್ ಜೇಬಿಗೆ ಇಳಿಸಿಕೊಂಡುಬಿಟ್ಟ, ಕೆಲಸ ಕೆಡುತ್ತದೆ ಎಂದು ಸಂಜೆಯವರೆಗೆ ಕೊಡಲೇ ಇಲ್ಲವೆಂದೂ ಹೇಳಿದರು. "ನೀನೇನೂ ಅವನ ಹತ್ರ ಆಡೋಕೆ ಹೋಗ್ಬೇಡ. ನನ್ನ ಟ್ರೈನಿಂಗ್ ರಿಪೋರ್ಟು ಅವನ ಕೈಲಿದೆ" ಎಂದರು. ನಾನು ಆಡಲಿಲ್ಲ.

ಆ ಫೋರ್‌ಮನ್ನಿನ ಹೆಂಡತಿ ಆ ಊರಿನಲ್ಲಿ ನನಗಿದ್ದ ಒಬ್ಬಳೇ ಗೆಳತಿ. ನನಗೆ ಉಣ್ಣೆ ಹೆಣೆಯುವುದು ಕಲಿಸಿದವಳು ಅವಳು. ಚಳಿಗೆ ನನ್ನ ಬೆರಳು ಒಡೆದಿದ್ದನ್ನು ನೋಡಿ ತನ್ನ ಕೈಗವಸು ಬಿಚ್ಚಿ ಕೊಟ್ಟವಳು. ಮಾಂಸ ತಿನ್ನುವುದಿಲ್ಲವೆಂದು ನನಗಾಗಿ ಬೇರೆ ಬಾಣಲೆಯನ್ನೇ ತಂದಿಟ್ಟುಕೊಂಡಿದ್ದಳು. ನಾನು ಆಸ್ಪತ್ರೆಯಿಂದ ಬಂದ ವಾರ ಗಂಡ ಹೆಂಡತಿ ಇಬ್ಬರೂ ತೋಟದ ಹೂವು, ಒಂದು ಡಬ್ಬಿ ಕೇಕು ಹಿಡಿದು ಬಂದರು. ಅವನ ಮುಖ ನೋಡಿದ್ದೇ ನನ್ನ ಮೈಯೆಲ್ಲ ಉರಿದುಹೋಯಿತು. ಒಂದು ಮಾತೂ ಆಡದೆ ಅವರ ಮುಖದ ಮೇಲೆ ಬಾಗಿಲು ಹಾಕಿದೆ. ಹೂವನ್ನು ಮೆಟ್ಟಿಲ ಮೇಲಿಟ್ಟು ಹೋಗಿದ್ದರು. ಎತ್ತಿ ಕಸದ ಡಬ್ಬಿಗೆ ಹಾಕಿದೆ. ಆಮೇಲೆ ಪೇಟೆಯಲ್ಲಿ ಅವಳು ಎದುರಾದರೆ ರಸ್ತೆ ದಾಟಿಬಿಡುತ್ತಿದ್ದೆ. ಊರು ಬಿಡುವಾಗಲೂ ಹೇಳಿಹೋಗಲಿಲ್ಲ. ಐವತ್ತೈದು ವರ್ಷ ಆ ಮನುಷ್ಯನಿಗೆ ಹಿಡಿಶಾಪ ಹಾಕಿದ್ದೇನೆ. ಲಾಂಗ್ ಬೀಚಿನ ಲ್ಯಾಬಿನಲ್ಲಿ ಯಾವನಾದರೂ ಬಾಸ್ ರಜಾ ಕೊಡದಿದ್ದರೆ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಆ ಫೋರ್‌ಮನ್ನಿನ ಮುಖ.

ಕಂಪ್ಯೂಟರಿನ ಮುಂದೆ ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ಇವರು ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಪರದೆಯ ಮೇಲಿನ ಫೋಟೋ ನೋಡಿದರು. ಇದು ಯಾವುದು, ಯಾವ ಊರು ಎಂದು ಕೇಳಲಿಲ್ಲ.

"ಎಲ್ಲಿ ಸಿಕ್ತು ಇದು ನಿಂಗೆ?" ಎಂದರು.

"ಜೂ ಡಬ್ಬೀಲಿ. ಆನೆ ಪಕ್ಕ."

ಇವರು ಕುರ್ಚಿ ಎಳೆದುಕೊಂಡು ಕುಳಿತರು. ನಾನು ಸಿಗ್ನಲ್ ಅಜ್ಜ ಬರೆದಿದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ, ತಾರೀಖಿನ ಸಮೇತ.

"ಅವತ್ತು ಬಾಯ್ಲರ್ ಟೆಸ್ಟು ಅಂದಿದ್ರಲ್ರೀ."

ಇವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಚೀಟಿ ಯಾವಾಗ ಬಂತು?"

"ಬೆಳಿಗ್ಗೆ. ಎಂಟೂವರೆ ಇರ್ಬೇಕು."

"ಯಾರು ಕೊಟ್ರು?"

"ಫೋರ್‌ಮನ್ನೇ ತಂದುಕೊಟ್ರು. ಕೆಲಸ ನಾನು ನೋಡ್ಕೋತೀನಿ, ನೀನು ಓಡು ಅಂದ್ರು." ಇವರು ಪರದೆಯ ಕಡೆಗೆ ತಿರುಗಿದರು. "ಗಂಡಸರನ್ನ ಒಳಗೆ ಬಿಡ್ತಿರ್ಲಿಲ್ಲ ಕಣೇ ಆಗ. ಮೊದಲನೇ ಹೆರಿಗೆ, ಏನಿದ್ರೂ ಸಂಜೆ ಆಗತ್ತೆ ಅಂತ ಎಲ್ರೂ ಹೇಳಿದ್ರು. ಕಾರಿಡಾರಲ್ಲಿ ಕೂತು ಏನ್ಮಾಡ್ಲಿ ಅನ್ಕೊಂಡೆ. ಆ ಗಾಡಿ ಮತ್ತೆ ಬರೋದಿರ್ಲಿಲ್ಲ."

"ಮಗೂನೂ ಬರ್ಲಿಲ್ಲ" ಎಂದೆ.

ಇವರು ಆ ಗಾಡಿ ನೋಡಲು ಹೋದದ್ದನ್ನು ಒಂದು ವೇಳೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆನೇನೋ. ಇಪ್ಪತ್ತನಾಲ್ಕು ವರ್ಷದ ಹುಚ್ಚು, ಒಳಗೂ ಬಿಡುತ್ತಿರಲಿಲ್ಲ, ಅದೆಲ್ಲ ನಿಜ. ಆದರೆ ನಾನು ಮಗುವಿನ ಕಾಗದಕ್ಕೆ ಸಹಿ ಹಾಕುವ ಹೊತ್ತಿನಲ್ಲಿ ಇವರು ಒಂದು ಗಾಡಿಯ ಸಾವಿಗೆ ಹೋಗಿ ನಿಂತಿದ್ದರು. ಅಲ್ಲಿಂದ ಬರುತ್ತಾ ದಾರಿಯಲ್ಲಿ, ಓಡು ಎಂದು ಕಳಿಸಿದವನ ತಲೆಗೇ ತಪ್ಪು ಕಟ್ಟುವುದೆಂದು ಲೆಕ್ಕ ಹಾಕಿಕೊಂಡು ಬಂದರಲ್ಲ, ಅದು ನನಗೆ ನುಂಗಲಾಗಲಿಲ್ಲ. ಇವರ ಸುಳ್ಳಿಗೆ ನಾನು ಐವತ್ತೈದು ವರ್ಷ ನಿಯತ್ತಾಗಿ ದ್ವೇಷ ಸಾಕಿದ್ದೆ. ನನ್ನ ಒಬ್ಬಳೇ ಗೆಳತಿಯನ್ನು ಕಳೆದುಕೊಂಡಿದ್ದೆ.

ಮಾರನೆಯ ದಿನ ಎರಡು ಸೀರೆ ತುರುಕಿಕೊಂಡು, ಸಮುದ್ರದ ಪಕ್ಕ ಹೋಗುವ ರೈಲು ಹತ್ತಿ ಮಗಳ ಮನೆಗೆ ಸ್ಯಾನ್ ಡಿಯಾಗೋಗೆ ಹೋದೆ. ಈ ರೈಲನ್ನು ಕಂಡರೆ ಇವರಿಗೆ ತಾತ್ಸಾರ, ಇದೂ ಒಂದು ಗಾಡಿಯಾ ಎನ್ನುತ್ತಾರೆ. ದಾರಿಯುದ್ದಕ್ಕೂ ನನಗೆ ಕಡಲು ಕಣ್ಣಿಗೇ ಬೀಳಲಿಲ್ಲ.

ಮಗಳಿಗೆ ಎಲ್ಲ ಹೇಳಿದೆ. ಅವಳಿಗೆ ಮೊದಲೊಂದು ಮಗುವಿತ್ತೆಂದು ಗೊತ್ತಿತ್ತು, ಉಳಿದದ್ದು ಗೊತ್ತಿರಲಿಲ್ಲ. ನನ್ನ ಕೈ ಹಿಡಿದುಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಅಮ್ಮಾ, ಡ್ಯಾಡ್ ವಾಸ್ ಓನ್ಲಿ ಟ್ವೆಂಟಿಫೋರ್" ಎಂದಳು.

"ನಂಗೆ ಇಪ್ಪತ್ತೆರಡು" ಎಂದೆ. 

ನಾಲ್ಕನೆಯ ದಿನ ವಾಪಸು ಬಂದೆ. ಸಿಟ್ಟು ಇಳಿಯಿತೆಂದಲ್ಲ. ಮಾತ್ರೆ ಬಾಟಲಿಯ ಮುಚ್ಚಳ ತೆಗೆಯಲು ಇವರ ಕೈಲಿ ಆಗುವುದಿಲ್ಲ, ಹಾಳು ನಡುಕ. ಬಂದು ಮುಚ್ಚಳ ತೆಗೆದುಕೊಟ್ಟೆ. ಅಡುಗೆ ಮಾಡಿದೆ, ಬಡಿಸಿದೆ. ಮಾತು ಮಾತ್ರ ಉಪ್ಪು ಬೇಕಾ, ಸಾಕಾ ಎನ್ನುವಷ್ಟಕ್ಕೆ ನಿಂತಿತು.

ಎರಡು ತಿಂಗಳ ಮೇಲೆ ಗುಂಪಿನಲ್ಲಿ ಒಂದು ಕಪ್ಪು ಬಿಳುಪು ಫೋಟೋ ಬಂತು. ಅದೇ ಕಾರ್ಖಾನೆ, ಇಂಜಿನ್ನಿನ ಮುಂದೆ ಸಾಲಾಗಿ ನಿಂತ ಇಪ್ಪತ್ತು ಜನ. ನಡುವೆ ಟೋಪಿ ಹಾಕಿದವರು ನನ್ನ ಅಪ್ಪ ಎಂದು ಹೆಣ್ಣುಮಗಳೊಬ್ಬಳು ಬರೆದಿದ್ದಳು. ಟೋಪಿಯ ಕೆಳಗಿನ ಆ ಮುಖ ನನಗೆ ತಟ್ಟನೆ ಗುರುತು ಹತ್ತಿತು. ದ್ವೇಷಿಸಿ ದ್ವೇಷಿಸಿ ಬಾಯಿಪಾಠವಾದ ಮುಖ. ಇವರೂ ನೋಡಿದರು. "ಟೈಪ್ ಮಾಡು" ಎಂದರು. "ತುಂಬಾ ಒಳ್ಳೆ ಮನುಷ್ಯ. ನಾನು ಅವರ ಕೈಕೆಳಗೆ ಕೆಲಸ ಕಲಿತೆ. ನನ್ನನ್ನೂ ನನ್ನ ಹೆಂಡತೀನೂ ಮನೆ ಮಕ್ಕಳ ಥರ ನೋಡ್ಕೊಂಡ್ರು ಅಂತ ಹಾಕು."

ನಾನು ಒಂದಕ್ಷರ ಬಿಡದೆ ಹಾಗೇ ಟೈಪ್ ಮಾಡಿದೆ. ಏನು ಮಾಡುತ್ತಾರೋ ನೋಡೋಣವೆಂದು ಮಾಡಿದೆ.

ಫೋರ್‌ಮನ್ನಿನ ಆ ಮಗಳಿಂದ ಅಂದೇ ಉತ್ತರ ಬಂತು. ಹಾಗಾದರೆ ನೀವೇನಾ ಆ ಭಾರತದ ದಂಪತಿ ಎಂದು ಕೇಳಿದ್ದಳು. ನಿಮ್ಮ ಹೆಂಡತಿಗೆ ಮಗು ಹೋದಾಗ ನಾವು ಏನು ತಪ್ಪು ಮಾಡಿದೆವೋ, ಅವಳು ನಮ್ಮ ಮುಖವನ್ನೇ ನೋಡಲಿಲ್ಲ ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ, ಅಪ್ಪನೂ ಸಾಯುವವರೆಗೆ ಅದನ್ನು ಕೆದಕುತ್ತಿದ್ದರು, ನಿಮಗೇನಾದರೂ ಗೊತ್ತೇ ಎಂದು ಬರೆದಿದ್ದಳು.

ಇವರಿಗೆ ಓದಿ ಹೇಳಿದೆ. ತಲೆ ತಗ್ಗಿಸಿಕೊಂಡು ಕೇಳಿದರು. "ಏನೋ ತಪ್ಪು ತಿಳಿವಳಿಕೆ ಆಗಿತ್ತು ಅಂತ ಹಾಕು" ಎಂದರು.

ಕೀಬೋರ್ಡನ್ನು ಅವರ ಮುಂದೆ ತಳ್ಳಿದೆ. "ನೀವೇ ಹಾಕಿ" ಎಂದೆ.

ಒಂದೇ ಬೆರಳಿನಲ್ಲಿ, ಒತ್ತಿದ ಕಡೆಯೆಲ್ಲ ಎರಡೆರಡು ಅಕ್ಷರ ಬೀಳುತ್ತಾ, ಅಳಿಸುತ್ತಾ, ಅರ್ಧ ಗಂಟೆ ಒದ್ದಾಡಿದರು. ನಿಜ ಬರೆಯುತ್ತಿದ್ದಾರೆ ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾದೆ. ಹೋಗಿ ನೋಡಿದರೆ ಇಂಗ್ಲಿಷಿನಲ್ಲಿ ಅದೇ ಸಾಲು. ತಪ್ಪು ತಿಳಿವಳಿಕೆ ಆಗಿತ್ತು, ಕ್ಷಮಿಸಿ. ಯಾರದು ತಪ್ಪು, ಯಾರ ತಿಳಿವಳಿಕೆ, ಏನೂ ಇಲ್ಲ. ಅದಕ್ಕೆ ಆಗಲೇ ನಾಲ್ಕು ಜನ ಹೆಬ್ಬೆರಳು ಎತ್ತಿದ್ದರು.

ಅವರನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ನಾನು ಕುಳಿತೆ. ನನ್ನ ಹೆಸರಿನಲ್ಲಿ ಗುಂಪು ಸೇರಿ, ಅದರ ಕೆಳಗೆ ಎಲ್ಲ ಬರೆದೆ. ಚೀಟಿ ತಂದುಕೊಟ್ಟು ಓಡು ಎಂದದ್ದು ಆ ಫೋರ್‌ಮನ್, ಓಡಿದ್ದು ಇವರು, ಓಡಿದ್ದು ಎಲ್ಲಿಗೆ, ಬಾಗಿಲು ಹಾಕಿದ್ದು ನಾನು. ಹಾರ ಹಾಕಿದ ಇಂಜಿನ್ನಿನ ಫೋಟೋ ಇದೇ ಗುಂಪಿನಲ್ಲಿದೆ, ಬೇಕಾದರೆ ನೋಡಿ ಎಂದೂ ಬರೆದೆ. ಇವರು ಹಿಂದೆ ನಿಂತು ನೋಡುತ್ತಿದ್ದರು. ಬೇಡ ಎನ್ನಲಿಲ್ಲ.

ಒಂದು ಗಂಟೆಯೊಳಗೆ ನಾನು ಬರೆದದ್ದು ಮಾಯವಾಯಿತು. ಗುಂಪು ನಡೆಸುವವನಿಂದ ಬಹಳ ಮರ್ಯಾದೆಯ ಒಂದು ಸಂದೇಶ ಬಂತು. ನಿಮ್ಮ ದುಃಖ ಅರ್ಥವಾಗುತ್ತದೆ ಮೇಡಂ, ಆದರೆ ಇಲ್ಲಿ ರೈಲು ಬಿಟ್ಟು ಬೇರೆ ವಿಷಯಕ್ಕೆ ಅವಕಾಶವಿಲ್ಲ. ಇವರ ಸಾಲು ಮಾತ್ರ ಅಲ್ಲೇ ಉಳಿಯಿತು, ಹೆಬ್ಬೆರಳುಗಳ ಸಮೇತ. ಹಾರದ ಇಂಜಿನ್ನೂ ಉಳಿದಿದೆ. ಅದರ ಕೆಳಗೆ ಈಗ ಸ್ಥಳ, ತಾರೀಖು, ನಂಬರ್, ತೆಗೆದವರ ಹೆಸರು ಎಲ್ಲ ಸರಿಯಾಗಿವೆ.

ಆದರೂ ಬಿಡಲಿಲ್ಲ. ಅದನ್ನೇ ಮತ್ತೆ ಬರೆದು ಆ ಮಗಳಿಗೆ ಖಾಸಗಿಯಾಗಿ ಕಳಿಸಿದೆ. ಒಂದು ವಾರ ಉತ್ತರವಿಲ್ಲ. ಬೈದರೂ ಸಾಕು, ಏನಾದರೂ ಬರಲಿ ಎಂದು ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ಎಂಟನೆಯ ದಿನ ಬೆಳಿಗ್ಗೆ ಬಂತು. ಚಿಕ್ಕ ಕಾಗದ.

ಅಪ್ಪ ಹೋಗಿ ಮೂವತ್ತು ವರ್ಷವಾಯಿತು, ಅವರಿಗೆ ಇದು ತಿಳಿಯಬೇಕಿತ್ತು ಎಂದು ಬರೆದಿದ್ದಳು. ಅಮ್ಮನಿಗೆ ತೊಂಬತ್ತು ದಾಟಿದೆ, ಕಿವಿ ಮಂದ, ಎರಡು ಸಲ ಗಟ್ಟಿಯಾಗಿ ಓದಿ ಹೇಳಿದೆ ಎಂದಿದ್ದಳು. ಕೇಳಿಸಿಕೊಂಡ ಮೇಲೆ ಅಮ್ಮ, ಒಂದೇ ಒಂದು ಮಾತು ಅವಳನ್ನು ಕೇಳು ಎಂದಳಂತೆ. ಆವತ್ತು ಕೇಳಬೇಕೆಂದೇ ಹೂವು ಹಿಡಿದು ಬಂದಿದ್ದಳಂತೆ. ಮಗು ಗಂಡೋ, ಹೆಣ್ಣೋ?

ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವಾಗ ಅದರಲ್ಲಿ ಓದಿದ್ದೆ. ಐವತ್ತೈದು ವರ್ಷದಲ್ಲಿ ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನನ್ನ ತಾಯಿ ಕೇಳಿರಲಿಲ್ಲ, ಮಗಳು ಕೇಳಿರಲಿಲ್ಲ. ಎದುರಿಗೆ ಇವರು ತಟ್ಟೆಯಲ್ಲಿ ಚೆಲ್ಲಿದ ಕಾಫಿಯನ್ನು ಲೋಟಕ್ಕೆ ಸುರಿದುಕೊಳ್ಳುತ್ತಿದ್ದರು.

"ಯಾರದ್ದು?" ಎಂದು ಕೇಳಿದರು.

ಅವರಿಗೆ ಹೇಳಲಿಲ್ಲ. ಹೆಣ್ಣು ಎಂದು ಟೈಪ್ ಮಾಡಿ ಕಳಿಸಿದೆ.